ಬಿಳಿ ಯಾಟೆಗೆ ಇಟ್ಟ ಕುಂಕುಮ

ಕುಸುಮಳಿಗೆ ಬೇಕಾಗಿದ್ದದ್ದು ದಿನಕ್ಕೊಂದು ಮೊಟ್ಟೆ, ಅಷ್ಟೇ. ಎದೆಹಾಲು ಸಾಲದೆ ಅವಳ ಕೈಗೂಸು ಶಿವರಂಜನಿ ಮೊಲೆ ಕಚ್ಚಿಕೊಂಡೇ ಅಳೋದು. ನೋಡೋಕೆ ಬಂದ ಆಶಾ ಕಾರ್ಯಕರ್ತೆ, "ಇತ್ಲು ತುಂಬ ಕೋಳಿ ಮಡಿಕಂಡು ಬಾಣಂತಿ ಇಂಗೆ ಬತ್ತೋಗವ್ಳಲ್ಲ, ದಿನಾ ಒಂದ್ ಮೊಟ್ಟೆ ಬೇಯ್ಸಿ ಕೊಡ್ರವ್ವ" ಅಂತ ಅತ್ತೆ ಚಾಮುಂಡಮ್ಮನ ಮುಖಕ್ಕೇ ಹೇಳಿ ಹೋದಳು.

ಅವಳು ಬೀದಿ ತಿರುಗೋವರೆಗೂ ಚಾಮುಂಡಮ್ಮ ತಲೆ ಆಡಿಸಿದಳು. ಆಮೇಲೆ ಸೊಸೆ ಕಡೆ ತಿರುಗಿ, "ನನ್ ಕೋಳಿ ಮೊಟ್ಟೆ ಇಕ್ಕೋದು ನಿನ್ ಎದೆ ತುಂಬ್ಸಕ್ಕಲ್ಲ. ಬೇಕಾದ್ರೆ ನಿಮ್ಮವ್ವನ್ ಕೇಳು" ಅಂದಳು.

ಗಂಡ ಸತ್ತು ಬಳೆ ಒಡೆದ ವರ್ಷದಿಂದ ಮಾಂಬಳ್ಳಿಯ ಆ ಮನೆಯಲ್ಲಿ ಕೋಳಿಗಳೇ ಚಾಮುಂಡಮ್ಮನ ಸಂಸಾರ. ಮೊಟ್ಟೆಯೆಲ್ಲ ಪರೋಟ ಅಂಗಡಿಗೆ ಹೋಗೋದು. ಅದರಲ್ಲೂ ಗೋಧಿ ಬಣ್ಣದ ಒಂದು ಯಾಟೆ, ಎಳೇ ಹೆಣ್ಣುಕೋಳಿ, ಅಂದರೆ ಅವಳಿಗೆ ಪ್ರಾಣ. ಮಡಿಲಲ್ಲಿ ಕೂರಿಸಿಕೊಂಡು ರಾಗಿ ತಿನ್ನಿಸೋಳು. ಮೊಮ್ಮಗಳನ್ನು ಹಾಗೆ ಕೂರಿಸಿಕೊಂಡದ್ದು ಯಾರೂ ಕಾಣರು.

ಕುಸುಮ ತವರಿಗೆ ಫೋನು ಮಾಡಿದಳು. ಒಡೆಯರಪಾಳ್ಯದ ಕಡೆಯಿಂದ ಅವಳವ್ವ ಮಹದೇವಮ್ಮ ಹನೂರಲ್ಲೊಂದು ಬಸ್ಸು, ಕೊಳ್ಳೇಗಾಲದಲ್ಲೊಂದು ಬಸ್ಸು ಹತ್ತಿ ಇಳಿದು ಬಂದಳು. ಕೈಚೀಲದಿಂದ ಒಂದು ಬಿಳಿ ಯಾಟೆ ತಲೆ ಆಚೆ ಹಾಕಿತ್ತು. ಮೊಟ್ಟೆಗೆ ಬಂದ ಹೆಣ್ಣು, ಜುಟ್ಟು ಕೆಂಪಗೆ ಹಣ್ಣಾಗಿತ್ತು.

"ನಾಕ್ ದಿನ ಮಂಕ್ರಿ ಅಡೀಲೇ ಮಡಗು. ಅವು ಆಚಿಂದ ನೋಡ್ಲಿ, ಇದು ಒಳಗಿಂದ ನೋಡ್ಲಿ. ಒಸಾದು ಅಂತ ಕುಕ್ಕಿಬುಡ್ತವೆ" ಅಂತ ಮಗಳ ಕಿವಿಯಲ್ಲಿ ಹೇಳಿ ಸಂಜೆ ಬಸ್ಸಿಗೆ ಹೊರಟಳು. ಬೀಗತಿ ಅವಳಿಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

ಬೆಳಿಗ್ಗೆ ಚಾಮುಂಡಮ್ಮ ಕಾಲಲ್ಲೇ ಮಂಕರಿ ಎತ್ತಿ ನೋಡಿದಳು.

"ಇದೇನಮ್ಮಿ, ಕಳ್ಳರ್ನ ಕೂಡಾಕ್ದಂಗೆ?"

"ನಾಕ್ ದಿನ ಇಂಗೇ ಇರ್ಲಿ ಅಂದ್ಲು ನಮ್ಮವ್ವ."

"ಮದ್ವೆಗ್ ಮುಂಚೆ ಕಲಿಸ್ನಿಲ್ಲ, ಈಗ ಕಲಿಸಕ್ ಬಂದವ್ಳೆ! ಈ ಮನೆಗೆ ಬಂದ ಜೀವಕ್ಕೆ ಮೊದ್ಲು ಕುಂಕುಮ ಇಕ್ಕಿ ಬುಡೋದು ಕಣವ್ವ. ಅಸ ಬಂದ್ರೂ ಅಷ್ಟೇ, ನೀನ್ ಬಂದಾಗ್ಲೂ ಅಷ್ಟೇ. ಓಗು, ಬರಣಿ ತತ್ತಾ."

ಕಣವ್ವ ಅಂದದ್ದಕ್ಕೇ ಕುಸುಮ ಕರಗಿಹೋದಳು. ಮದುವೆಯಾಗಿ ಬಂದ ಮೇಲೆ ಆ ಬಾಯಲ್ಲಿ ತನ್ನನ್ನು ಅವ್ವ ಅಂದದ್ದು ಕೇಳಿದ್ದೇ ಅವತ್ತು. ದೇವರ ಗೂಡಿನಿಂದ ಕುಂಕುಮದ ಬರಣಿ ತಂದು ಅತ್ತೆಯ ಮುಂದೆ ಹಿಡಿದಳು.

"ನಾನೆಂಗ್ ಇಕ್ಲಿ? ನಾನು ಮುಂಡೆ. ಮುತ್ತೈದೆ ಕೈ ನಿಂದು, ನೀನೇ ಇಕ್ಕು. ಎಣ್ಣೇಲಿ ಕಲಸ್ಕೊ, ಅಂಟ್ಕತದೆ. ಆ, ನೆತ್ತಿಗೆ. ಬಾಲದ ಬುಡಕ್ಕೂ ಬಳಿ. ಅಸಕ್ಕೆ ಇಂದ್ಗಡೆ ಇಕ್ಕಲ್ವಾ? ಅಂಗೇ."

ಕುಸುಮ ಬಳಿದಳು. ಕೈ ಮುಗಿದು, ಯಾಟೆಯನ್ನು ಗುಂಪಿಗೆ ಬಿಟ್ಟಳು. ಅಷ್ಟರಲ್ಲಿ ಮಗು ಅತ್ತಿತು, ಒಳಗೆ ಹೋದಳು.

ಒಂದು ಎದೆ ಮುಗಿಸಿ ಇನ್ನೊಂದಕ್ಕೆ ಹಾಕೋಷ್ಟರಲ್ಲಿ ಹಿತ್ತಿಲಿಂದ ಕೋಳಿ ಕಿರುಚಿದ್ದು ಕೇಳಿಸಿತು. ಮಗುವನ್ನು ಚಾಪೆಗೆ ಹಾಕಿ ಓಡಿದಳು. ಬಟ್ಟೆ ಒಗೆಯೋ ಕಲ್ಲಿನ ಸಂದಿಗೆ ಬಿಳಿ ಯಾಟೆ ತಲೆ ತುರುಕಿಕೊಂಡು ನಿಂತಿತ್ತು. ಹಿಂಭಾಗ ಹೊರಗೇ ಇತ್ತು. ಕೋಳಿಗಳೆಲ್ಲ ಅಲ್ಲೇ ಮುತ್ತಿದ್ದವು, ಎಲ್ಲಕ್ಕೂ ಮುಂದೆ ಆ ಗೋಧಿ ಯಾಟೆ. ಕುಕ್ಕಿದರೆ ರಕ್ತ, ರಕ್ತ ಕಂಡರೆ ಇನ್ನೊಂದು ಕುಕ್ಕು. ಯಾವುದು ಕುಂಕುಮ, ಯಾವುದು ರಕ್ತ ಅಂತಲೇ ತಿಳಿಯದು. ಒಂದು ಕೋಳಿ ಕೊಕ್ಕಲ್ಲಿ ದಾರದಂಥದ್ದೇನೋ ಎಳೆದುಕೊಂಡು ಓಡಿತು, ಉಳಿದವು ಅದರ ಹಿಂದೆ ಬಿದ್ದವು. ಮಾರು ದೂರದಲ್ಲಿ ಚಾಮುಂಡಮ್ಮ ಅವರೆಕಾಯಿ ಸುಲಿಯುತ್ತಾ ಕುಂತಿದ್ದಳು.

"ಅತ್ತೆ, ನೋಡ್ಕಂಡೇ ಕುಂತಿದ್ದೀರಲ್ಲ!"

"ಕೈಲಿ ಕೆಲ್ಸ ಅದಲ್ಲ."

ಕುಸುಮ ಯಾಟೆಯನ್ನು ಎತ್ತಿಕೊಂಡು ಗಾಯಕ್ಕೆ ಅರಿಸಿನ ಮೆತ್ತಿದಳು. ಬೇಲಿಯಾಚೆಯಿಂದ ಪಕ್ಕದ ಮನೆ ಶಿವಮ್ಮ ಇಣುಕಿದಳು.

"ಯಾರಮ್ಮಿ ಇದುಕ್ಕೆ ಕೆಂಪು ಬಳದೋರು? ಕೆಂಪು ಕಂಡ್ರೆ ಕೋಳಿ ಬುಟ್ಟಾವಾ? ಓದ್ವರ್ಸ ಬಣ್ಣದ ನೀರು ಈ ಕಡೆ ಚೆಲ್ದೆ ಅಂತ ನಿಮ್ಮತ್ತೆ ಬೀದೀಲ್ ನಿಂತು ನನ್ ವಂಸಾನೇ ಜಾಲಾಡುದ್ಲು. ನನ್ ಕೋಳಿಗ್ ಕೆಂಪು ತಾಕಿದ್ರೆ ಒಂದ್ನೊಂದು ಕುಕ್ಕಿ ಸಾಯ್ಸ್ತವೆ ಅಂತ!"

ಕುಸುಮ ಅತ್ತೆಯ ಮುಖ ನೋಡಿದಳು. ಚಾಮುಂಡಮ್ಮ ಸಿಪ್ಪೆ ಕೊಡವಿಕೊಂಡು ಎದ್ದಳು.

"ಇಕ್ಕಿದ್ದು ಯಾರ್ ಕೈ? ನಿಂದೇ ತಾನೆ?" ಅಂದು ಕತ್ತಿ ತಂದಳು. "ಕೊಡಿಲ್ಲಿ. ಸತ್ ಮೇಲೆ ಕುಯ್ದ್ರೆ ತಿನ್ನಂಗಿಲ್ಲ."

ಕೊಳ್ಳೇಗಾಲದ ಮಗ್ಗದ ಮನೆಯಿಂದ ಸಂಜೆ ಬಂದ ಮಗ ನಟರಾಜು ಎರಡು ಕಾಲನ್ನೂ ತಾನೇ ಹಾಕಿಸಿಕೊಂಡ.

"ಯಾವ್ ಕೋಳಿವ್ವ, ಇಷ್ಟ್ ಎಳೇದು?"

"ನಿನ್ ಎಂಡ್ರ ತವರಿಂದು."

"ನಿನ್ನೆ ಬಂದು ಇವತ್ತೇ ಒಲೆ ಅತ್ಬುಟ್ತಾ!" ಅಂತ ನಕ್ಕು ಮೂಳೆ ಚೀಪಿದ.

ಚಾಮುಂಡಮ್ಮ ಸೊಸೆಯ ತಟ್ಟೆಗೆ ಮುದ್ದೆ ಇಟ್ಟಳು. ಪಕ್ಕದಲ್ಲಿ ಸೌಟಿನಿಂದ ಇನ್ನೊಂದನ್ನು ಜಾರಿಸಿದಳು. ಕೋಳಿ ಹೊಟ್ಟೆಯೊಳಗೆ ಉಳಿದುಹೋಗಿದ್ದ ಮೊಟ್ಟೆಗೊಂಚಲು. ಚಿಪ್ಪಿಲ್ಲದ ಹಳದಿ ಉಂಡೆಗಳು, ನೆಲ್ಲಿಕಾಯಿಯಷ್ಟರಿಂದ ಸಾಸಿವೆಯಷ್ಟರವರೆಗೆ.

"ಮೊಟ್ಟೆ ಮೊಟ್ಟೆ ಅಂತಿದ್ದಲ್ಲ, ತಕ. ತಿಂಗ್ಳುದೆಲ್ಲ ಒಂದೇ ಸಲಕ್ಕೆ."

ಅತ್ತು ಎದ್ದುಹೋಗುತ್ತಾಳೆ ಅಂತ ಚಾಮುಂಡಮ್ಮ ಕಾದಳು. ಕುಸುಮ ಅಳಲಿಲ್ಲ. ದೊಡ್ಡದರಿಂದ ಶುರು ಮಾಡಿ ಒಂದೊಂದಾಗಿ ತಿಂದಳು. ಸಾಸಿವೆಯಂಥವನ್ನೂ ಬಿಡದೆ ಬೆರಳಿಂದ ಒರೆಸಿ ತಿಂದಳು.

"ನನ್ ಕೈಗುಣ ಚೆಂದಾಗದೆ ಅತ್ತೆ," ಅಂದಳು. "ನಾಳೆ ಸುಕ್ರವಾರ. ನಿಮ್ ಗೋದಿ ಯಾಟೆಗೂ ಇಕ್ತೀನಿ. ನೆತ್ತಿಗೂ, ಬಾಲದ ಬುಡಕ್ಕೂ. ನೀವಂತೂ ಇಕ್ಕಂಗಿಲ್ಲ. ಈ ಮನೇಲಿ ಮುತ್ತೈದೆ ಅಂತ ಇರೋಳು ನಾನೊಬ್ಳೇ ಅಲ್ವಾ?"

ನಟರಾಜು ಚೀಪೋದು ನಿಲ್ಲಿಸಿದ. ಚಾಮುಂಡಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಕುಸುಮ ಕೈ ತೊಳೆದು, ಬರಣಿಯನ್ನು ತಂದು ಹಿತ್ತಿಲ ಬಾಗಿಲ ಪಕ್ಕದ ಕಿಟಕಿಯಲ್ಲಿ ಇಟ್ಟಳು.

ಬೆಳಿಗ್ಗೆ ಒಲೆಯ ಪಕ್ಕ ಒಂದು ಮೊಟ್ಟೆ ಇತ್ತು. ಕುಸುಮ ಬೇಯಿಸಿಕೊಂಡು ಹಿತ್ತಿಲ ಹೊಸ್ತಿಲಲ್ಲಿ ನಿಂತೇ ತಿಂದಳು, ಸಿಪ್ಪೆಯನ್ನು ಕೋಳಿಗಳಿಗೆ ಎಸೆದಳು. ಅವು ಅದಕ್ಕೂ ಕಿತ್ತಾಡಿದವು.

ಮೊಟ್ಟೆ ದಿನಾ ಬರುತ್ತದೆ. ಶಿವರಂಜನಿ ಮೈ ತುಂಬಿಕೊಂಡು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಬರಣಿ ಇನ್ನೂ ಕಿಟಕಿಯಲ್ಲೇ ಇದೆ. ಕುಸುಮ ಸೊಪ್ಪು ಕೀಳೋಕೆ ಅಂತ ಆ ಕಡೆ ಹೋದರೂ ಸಾಕು, ಚಾಮುಂಡಮ್ಮ ಗೋಧಿ ಯಾಟೆಯನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ.