ನಕ್ಷೆಯಲ್ಲಿ ನಾನು ಬಳಿದ ಹಳದಿ

ಪಹಣಿ ಕಂಪ್ಯೂಟರಿನಲ್ಲಿ ಸಿಗತೊಡಗಿದ್ದ ವರ್ಷಗಳವು. ನಂಜನಗೂಡಿನ ಅಂಗಡಿಯೊಂದರ ಮಹಡಿಯಲ್ಲಿದ್ದ ಸಣ್ಣ ಕಚೇರಿಯಲ್ಲಿ ನನಗೆ ನಕ್ಷೆ ಮಾಡುವ ಕೆಲಸ. ಹಳೆಯ ಗ್ರಾಮನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಗಡಿಗೆರೆಗಳನ್ನು ಮೌಸಿನಲ್ಲಿ ತಿದ್ದಿ, ಅಧಿಕಾರಿಗಳು ಇಂಟರ್‌ನೆಟ್ಟಿನಲ್ಲೇ ತೆರೆದು ನೋಡುವ ಹಾಗೆ ಮಾಡಬೇಕಿತ್ತು. ಗದ್ದೆಗೆ ಯಾವ ಹಸಿರು, ಕೆರೆಗೆ ಯಾವ ನೀಲಿ, ಕ್ಲಿಕ್ ಮಾಡಿದರೆ ಯಾವ ವಿವರ ಬರಬೇಕು, ಎಲ್ಲ ನನ್ನದೇ ದರ್ಬಾರು.

ಬಿಳಿಗೆರೆ ಕಡೆಯ ನಮ್ಮೂರಿನ ಹಾಳೆಯೂ ನನ್ನ ಕೈಗೇ ಬಂತು. ನಮ್ಮ ಕೇರಿಯವರು ಹೂಳುವ ಜಾಗ ಅದರಲ್ಲಿ ಒಂದು ತುಂಡು. ಅಪ್ಪನನ್ನು ಮಣ್ಣು ಮಾಡಿದ್ದೂ ಅಲ್ಲೇ. ಸ್ಮಶಾನಗಳಿಗೆಲ್ಲ ಕಂದು ಬಣ್ಣ ಕೊಟ್ಟಿದ್ದೆ. ನಮ್ಮ ಕಚೇರಿಯ ಮಾಲೀಕರು ಪರದೆ ನೋಡಿ ಮುಖ ಸಿಂಡರಿಸಿದರು.

“ಏನ್ರೀ ಇದು, ಅಲ್ಲಲ್ಲಿ ಸಗಣಿ ಮೆತ್ತಿದಂಗದೆ. ಬಣ್ಣ ಜಾಸ್ತಿ ಆಯ್ತು. ಸಣ್ಣಪುಟ್ಟವೆಲ್ಲ ಒಂದ್ರಲ್ಲೇ ಸೇರಿಸಿ.”

ಸೇರಿಸಿದೆ. ಸ್ಮಶಾನವೂ ಸರ್ಕಾರಿ ಖಾಲಿ ಜಾಗವೂ ಒಂದೇ ತೆಳು ಹಳದಿಯಾದವು. ಪುಟ ಬೇಗ ತೆರೆಯಲೆಂದು ಕ್ಲಿಕ್ಕಿಗೆ ಬರುವ ವಿವರವನ್ನೂ ಕತ್ತರಿಸಿ, ಸರ್ವೆ ನಂಬರು, ವಿಸ್ತೀರ್ಣ, ‘ಖಾಲಿ’ ಎಂದಷ್ಟೇ ಉಳಿಸಿದೆ. ಅಪ್ಪನ ಮೇಲೆ ಹಳದಿ ತುಂಬುವಾಗ ಕೈ ಒಂದು ಗಳಿಗೆ ತಡೆಯಿತು. ಆದರೂ ತುಂಬಿ ಮುಗಿಸಿದೆ. ನಕ್ಷೆ ಈಗ ಚೆನ್ನಾಗಿದೆ ಎಂದು ಮಾಲೀಕರು ಹೊಗಳಿದಾಗ ಹಲ್ಲು ಕಿರಿದೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ವರ್ಷ ಕಳೆದು ಸರ್ಕಾರದವರು ನಮ್ಮ ಸ್ಮಶಾನದ ಜಾಗವನ್ನು ಗೋದಾಮಿಗೆಂದು ಕೊಟ್ಟು ಬೇಲಿ ಹಾಕಿದರು. ಜೆಸಿಬಿ ಸಮಾಧಿಯ ಗುಡ್ಡೆಗಳನ್ನೆಲ್ಲ ಸಮ ಮಾಡಿಬಿಟ್ಟಿತ್ತು. ಕೇರಿಯವರ ಜೊತೆ ನಾನೂ ಸರ್ಕಾರಿ ಕಚೇರಿಗೆ ಹೋದೆ. ಗುಮಾಸ್ತರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

“ನೀವೇ ನೋಡ್ಕಳಿ. ಖಾಲಿ ಅಂತ ತಾನೆ ಬತ್ತಾ ಇರೋದು?”

ನಾನು ಬಳಿದ ಹಳದಿಯೇ ಅದು.

“ಕಂಪ್ಯೂಟರ್‌ನಲ್ಲೇ ಇಲ್ವಂತೆ ಕಣ್ರಪ್ಪಾ” ಎನ್ನುತ್ತ ನಮ್ಮ ಹಿರಿಯರೊಬ್ಬರು ಮೆಟ್ಟಿಲು ಇಳಿದರು. ಮಾಡಿದವನು ನಾನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅದರ ಬದಲು ಅರ್ಜಿಗಳನ್ನು ಬರೆದುಕೊಟ್ಟೆ. ಕೇರಿಯವರು ನನ್ನನ್ನು ದೊಡ್ಡ ಮನುಷ್ಯನೆಂದುಕೊಂಡರು. ಅರ್ಜಿಗಳಿಂದ ಏನೂ ಆಗಲಿಲ್ಲ.

ಮರುವರ್ಷ ಅವ್ವ ತೀರಿಕೊಂಡಳು. ಅಪ್ಪನ ಪಕ್ಕ ಮಣ್ಣು ಮಾಡಿ ಎಂಬುದೊಂದೇ ಅವಳ ಆಸೆಯಾಗಿತ್ತು. ಹೆಣವನ್ನು ಟೆಂಪೊದಲ್ಲಿ ಇಟ್ಟುಕೊಂಡು ಟಿ. ನರಸೀಪುರದ ಆಚೆ, ಅವಳ ತವರಿನ ಸ್ಮಶಾನಕ್ಕೆ ಒಯ್ದೆವು. ಮಣ್ಣು ಹಾಕಿ ಆದಮೇಲೆ ಸೋದರಮಾವ ಕೈ ತೊಳೆಯುತ್ತ ಕೇಳಿದ:

“ಅಲ್ಕಣ್ಲಾ, ಅಷ್ಟೆಲ್ಲ ಓದ್ಕಂಡು ನಕ್ಷೆ ಕೆಲ್ಸ ಮಾಡೋನು ನೀನು. ಆ ಜಾಗ ಯಾರ್ ಅಳಿಸಿದ್ರು ಅಂತ ನಿಂಗೂ ಗೊತ್ತಾಗ್ನಿಲ್ವಾ?”

“ಗೊತ್ತಾಗ್ನಿಲ್ಲ ಮಾವ” ಎಂದೆ.