ಬಿಲ್ಲೆ ಕೊಡದೆ ಇಳಿದವನು

ಚಿನ್ನದ ಗಣಿ ಮುಚ್ಚಿದಾಗ ಕೆಲಸದ ಜೊತೆ ಗಣಿಯ ಆಸ್ಪತ್ರೆಯೂ ಹೋಯಿತು. ಮಲೇಷ್ಯಾದಲ್ಲಿ ಕೆಲಸವಾದರೂ ಇತ್ತು. ಪ್ರವಾಸಿ ವೀಸಾದಲ್ಲಿ ಹೋದ ನಾನು, ವೀಸಾ ಮುಗಿದ ಮೇಲೂ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕದ್ದು ದುಡಿಯುತ್ತಿದ್ದೆ. ಹಾಳು ಬಾಗಿಲು ಸದ್ದಾದರೆ ಸಾಕು, ಪೊಲೀಸರು ಬಂದರೆಂದು ಕಾಲು ಹಿತ್ತಿಲ ಗೋಡೆಯ ಕಡೆ ತಿರುಗುತ್ತಿತ್ತು. ಕಾದ ಎಣ್ಣೆ ಬಿದ್ದು ಕೈ ಸುಟ್ಟಾಗಲೂ, ಹಿಡಿದುಕೊಡುತ್ತಾರೆಂದು ಹೆದರಿ ಆಸ್ಪತ್ರೆಗೆ ಹೋಗಲಿಲ್ಲ.

ಆ ವಾರ ನಮ್ಮ ಗಣಿಯೂರು ಚಾಂಪಿಯನ್ ರೀಫ್ಸಿನಿಂದ ಅಪ್ಪ ಫೋನು ಮಾಡಿದ. ಗಣಿಗೆ ಇಳಿಯುವ ಮುನ್ನ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಕೊಟ್ಟು ಹೋಗುತ್ತಿದ್ದವನು ಅವನು. ಪಾಳಿ ಮುಗಿದರೂ ಬಿಲ್ಲೆ ಅಲ್ಲೇ ಉಳಿದರೆ ಹುಡುಕಲು ಜನ ಇಳಿಯುತ್ತಿದ್ದರು.

"ಅಲ್ಲಿ ನಿನ್ ಬಿಲ್ಲೆ ಯಾರ್ತಾವ ಐತ್ಲಾ?" ಎಂದ.

"ಎಣ್ಣೆ ಕಾದೈತಪ್ಪಾ, ಆಮೇಲ್ ಮಾಡ್ತೀನಿ," ಎಂದು ಸುಟ್ಟ ಕೈಯಲ್ಲೇ ಫೋನಿಟ್ಟೆ.