ಗೋಡೆ ಬದಿಯ ಮೆಟ್ಟಿಲು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮುಂಬಯಿಗೆ ಬಂದ ಮೇಲೆ ಆ ಕೋಪವನ್ನು ಯಾರ ಮೇಲೆ ತೋರಿಸುವುದು ಎಂಬುದೇ ತಿಳಿಯದಾಯಿತು. ಜಗಳವಾಡಲಿಕ್ಕಾದರೂ ಒಂದು ಭಾಷೆ ಬೇಕಲ್ಲ.

ಐವತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಧಾರವಾಡದಿಂದ ಗ್ರಾಂಟ್ ರೋಡಿನ ಒಂದು ಚಾಳಿಗೆ ಬಂದಿದ್ದೆ. ಮೂರನೇ ಮಾಳಾದಲ್ಲಿ, ಅಂದರೆ ಮಹಡಿಯಲ್ಲಿ, ಒಂದೇ ಖೋಲಿಯ ಮನೆ, ಅದರ ಮುಂದೆ ಉದ್ದಕ್ಕೂ ಗ್ಯಾಲರಿ. ನಮ್ಮ ಮನೆಯವರು ಬಂದರಿನ ಬಳಿ ಹಡಗು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಗಿನ ಪಾಳಿ. ಐದಕ್ಕೆಲ್ಲ ಡಬ್ಬಿ ಹಿಡಿದು ಇಳಿದು ಹೋದರೆ ಮಧ್ಯಾಹ್ನ ಮೂರರ ಮೇಲೆ ಬರುವುದು. ಬಂದರೂ ಮಾತು ಕಡಿಮೆ. ಬಾಯಲ್ಲಿ ಅಡಿಕೆ ಇಟ್ಟುಕೊಂಡವರ ಹಾಗೆ ಇರುತ್ತಿದ್ದರು, ಅಡಿಕೆಯ ಚಟ ಇರಲಿಲ್ಲ.

ಚಾಳಿನ ನಲ್ಲಿ ಇದ್ದದ್ದು ಕೆಳಗೆ ಅಂಗಳದಲ್ಲಿ. ನೀರು ಬರುತ್ತಿದ್ದದ್ದು ಐದೂವರೆಗೆ, ಅದೂ ಒಂದು ತಾಸು. ಅಂದರೆ ಇವರು ಇಳಿಯುವಾಗ ಮರದ ಮೆಟ್ಟಿಲು ಒಣಗಿರುತ್ತಿತ್ತು. ಇವರು ಹೋದ ಮೇಲೆ ಮೂರೂ ಮಾಳಾದ ಹೆಂಗಸರು ಕೊಡ ಹೊತ್ತು ಹತ್ತಿ ಇಳಿದು, ತುಳುಕಿದ ನೀರೆಲ್ಲ ಮೆಟ್ಟಿಲ ಮೇಲೆ. ಅದರಲ್ಲೂ ಗೋಡೆ ಬದಿ. ಯಾಕೆಂದರೆ ಗಂಡಸರು ಎದುರಾದರೆ ಹೆಂಗಸರು ಗೋಡೆಗೆ ಸರಿದು ನಿಲ್ಲಬೇಕು, ಅದು ಅಲ್ಲಿಯ ರೀತಿ. ನಮ್ಮೂರಿನ ರೀತಿಯೂ ಅದೇ ಆದ್ದರಿಂದ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಎಷ್ಟು ವರ್ಷದ ಹೆಂಗಸರ ಅಂಗಾಲು ತಾಗಿತ್ತೋ, ಗೋಡೆ ಬದಿಯ ಮರ ಬಟ್ಟಲಿನ ಹಾಗೆ ಸವೆದು ಹೋಗಿತ್ತು.

ಎರಡನೇ ಮಾಳಾದಲ್ಲಿ ನಿವೃತ್ತರಾದ ಒಬ್ಬ ಮರಾಠಿ ಮಾಸ್ತರರಿದ್ದರು. ಚಾಳಿಗೆಲ್ಲ ಅವರು ಆಜೋಬಾ, ಅಂದರೆ ಅಜ್ಜ. ದಿನಾ ಅದೇ ಹೊತ್ತಿಗೆ ಹಾಲಿನ ಬಾಟಲಿ ಹಿಡಿದು ಕೆಳಗೆ ಹೋಗುವರು, ಹಾಲು ತಂದು ಮೂರನೇ ಮಾಳಾದಲ್ಲಿದ್ದ ಮಗಳ ಮನೆಗೆ ಕೊಟ್ಟು ಬರುವರು. ಕೆಟ್ಟವರಲ್ಲ. ಮೆಟ್ಟಿಲಿನ ನಡುವಿನ ಹಾದಿ ತಮ್ಮದು ಎಂದು ಹುಟ್ಟಿದಾಗಿನಿಂದ ನಂಬಿದ್ದರು, ಅಷ್ಟೇ.

ಮೊದಲ ಬಸಿರು. ಐದು ತಿಂಗಳು ತುಂಬಿತ್ತು. ಸೊಂಟದ ಮೇಲೆ ಕೊಡ, ಇನ್ನೊಂದು ಕೈಯಲ್ಲಿ ತಂಬಿಗೆ. ಎರಡನೇ ಮಾಳಾ ದಾಟಿದ್ದೆ, ಆಜೋಬಾ ಮಗಳ ಮನೆಗೆ ಹಾಲು ಕೊಟ್ಟು ಮೇಲಿನಿಂದ ಇಳಿದು ಬಂದರು. ನಾನು ಗೋಡೆಗೆ ಸರಿದೆ. ಕಾಲು ಜಾರಿತು. ಕೊಡ ಬಡಿದುಕೊಳ್ಳುತ್ತ ಕೆಳಗಿನ ಮಾಳಾದವರೆಗೆ ಹೋದ ಸದ್ದು ನನಗೆ ಕೇಳಿಸಿತು, ನಾನು ಬಿದ್ದದ್ದು ಗೊತ್ತಾದದ್ದು ಆಮೇಲೆ. ಎರಡನೇ ದಿನ ಕೂಸು ಹೋಯಿತು.

ಪಕ್ಕದ ಖೋಲಿಯ ಮರಾಠಿ ಹೆಂಗಸು, ಎಲ್ಲರೂ ಮಾವಶಿ ಅನ್ನುತ್ತಿದ್ದವಳು, ನನ್ನ ತಲೆ ಸವರುತ್ತ ಕೂತಿದ್ದಳು. ಅವಳ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಎಲ್ಲಿ ಬಿದ್ದೆ, ಹೇಗೆ ಬಿದ್ದೆ, ಯಾರಿಗೆ ದಾರಿ ಬಿಡಲು ಹೋಗಿ ಬಿದ್ದೆ ಎಂದು ಯಾರಿಗಾದರೂ ಹೇಳಬೇಕು ಅನಿಸುತ್ತಿತ್ತು. ಇವರು ಕೇಳುವರು ಎಂದು ಕಾದೆ. ಇವರು ಬಂದು ಬಾಗಿಲ ಹತ್ತಿರ ಕೂತು ಕೇಳಿದ್ದು ಒಂದೇ.

"ಊಟಾ ಮಾಡೀಯೇನು?"

ಹೂಂ ಅಂದೆ. ಮಾಡಿರಲಿಲ್ಲ.

ಅತ್ತೆಯವರ ಕಾಗದ ಬಂತು. ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿಯಬೇಡ ಅಂತ ಅದಕ್ಕೇ ಹೇಳುತ್ತಾರೆ ಎಂದು ಬರೆಸಿದ್ದರು. ನಾನು ನಿಜವಾಗಿಯೂ ಕುಲಾಯಿ ಹೊಲಿದಿದ್ದೆ, ಹಳದಿ ಬಟ್ಟೆಯದು. ಇವರು ಕಾಗದ ಓದಿ ಮಡಚಿ ಟ್ರಂಕಿನ ತಳಕ್ಕೆ ಹಾಕಿದರು. ಅದರ ಬಗ್ಗೆಯೂ ಮಾತಿಲ್ಲ. ಒಂದು ಮಾತು ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ? ಆ ಸಿಟ್ಟು ನನಗೆ ಒಂದೂವರೆ ವರ್ಷ ಇತ್ತು. ಇವರು ಕೆಲಸಕ್ಕೆ ಹೋದ ಮೇಲೆ ಖೋಲಿಯಲ್ಲಿ ಒಬ್ಬಳೇ ಪಾತ್ರೆಗಳ ಜೊತೆ ಮಾತಾಡುತ್ತಿದ್ದೆ, ಬರೇ ಕನ್ನಡ ಕೇಳಲಿಕ್ಕೆ.

ಮತ್ತೆ ಬಸಿರಾದೆ. ಈ ಸಲ ಸೂಜಿ ಮುಟ್ಟಲಿಲ್ಲ. ನೀರು ಮಾತ್ರ ತರಲೇಬೇಕಿತ್ತು. ಒಂದೊಂದು ಮೆಟ್ಟಿಲಿಗೂ ನಿಂತು, ಕಾಲೂರಿ ನೋಡಿ ಹತ್ತುತ್ತಿದ್ದೆ.

ಒಂದು ಶನಿವಾರ ಇವರು ಕೆಲಸದಿಂದ ಬರುವಾಗ ಕಂಕುಳಲ್ಲಿ ಒಂದು ಸುರುಳಿ ಇತ್ತು. ಕರಿಯ ಪಟ್ಟಿ, ಅಂಗೈ ಅಗಲ. ಒಂದು ಮೈ ಬಡಗಿಗಳು ಮರ ಉಜ್ಜುವ ಕಾಗದದ ಹಾಗೆ ಒರಟು, ಇನ್ನೊಂದು ಮೈಗೆ ಅಂಟು. ಪರದೇಶದ ಹಡಗಿನ ಏಣಿಗಳಿಗೆ ಇದನ್ನು ಅಂಟಿಸುತ್ತಾರಂತೆ, ಸಮುದ್ರದ ನೀರು ಬಿದ್ದರೂ ಖಲಾಸಿಗಳ ಕಾಲು ಜಾರುವುದಿಲ್ಲವಂತೆ. ಉಳಿದ ತುಂಡನ್ನು ಮೇಸ್ತ್ರಿಯನ್ನು ಕೇಳಿ ತಂದಿದ್ದರು. ಇದನ್ನು ಯಾಕೆ ತಂದಿರಿ ಎಂದು ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆಯಿಂದ ಕೆಲಸ. ಚಾಕುವಿನಿಂದ ಮೆಟ್ಟಿಲ ಮೇಲಿನ ಜಿಡ್ಡು ಕೆರೆದರು, ಸೀಮೆಎಣ್ಣೆಯ ಅರಿವೆಯಿಂದ ಒರೆಸಿದರು, ಆರಲು ಬಿಟ್ಟರು. ಆಮೇಲೆ ಪಟ್ಟಿ ಕತ್ತರಿಸಿ ಅಂಟಿಸಿ, ನನ್ನ ಒರಳಿನ ಗುಂಡುಕಲ್ಲು ತರಿಸಿಕೊಂಡು ಅದರ ಮೇಲೆ ಉರುಳಿಸಿದರು. ಮೊಣಕಾಲೂರಿ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದರು. ಮೆಟ್ಟಿಲಿನ ಅಗಲಕ್ಕೆಲ್ಲ ಸಾಲುವಷ್ಟು ಪಟ್ಟಿ ಇರಲಿಲ್ಲ. ಹಾಗಾಗಿ ಪ್ರತಿ ಮೆಟ್ಟಿಲಿಗೂ ಒಂದೊಂದು ಗೇಣಿನ ತುಂಡು, ಸರಿಯಾಗಿ ನಟ್ಟನಡುವೆ. ತಮ್ಮ ಕಾಲು ಬೀಳುವ ಜಾಗ ನೋಡಿಕೊಂಡು ಅಂಟಿಸಿದ್ದರು.

ಚಾಳಿನ ಗಂಡಸರು ಹತ್ತಿ ಇಳಿದು ನೋಡಿ ಬೆನ್ನು ತಟ್ಟಿದರು. ಮಕ್ಕಳು ಅದರ ಮೇಲೆ ಬಳಪ ಮಸೆದು ಚೂಪು ಮಾಡಿಕೊಂಡರು. ಮಾವಶಿಯಂತೂ ಹಿಮ್ಮಡಿ ತಿಕ್ಕಿ ನೋಡಿ, ಕಲ್ಲಿಗಿಂತ ಇದೇ ಚಲೋ ಎಂದು ನಕ್ಕಳು. ನಾನೂ ನಕ್ಕೆ. ಎಷ್ಟು ದಿನದ ಮೇಲೋ.

ಮರುದಿನ ಕೊಡ ಹೊತ್ತು ಬರುವಾಗ ಆಜೋಬಾ ಇಳಿದು ಬಂದರು. ಗೋಡೆಗೆ ಸರಿದೆ. ಅಂಗಾಲಿನ ಕೆಳಗೆ ಅದೇ ತಣ್ಣನೆಯ, ನುಣ್ಣನೆಯ, ಬರಿಯ ಮರ. ಕರಿಯ ಪಟ್ಟಿಯ ಮೇಲೆ ಕಾಲೂರಿ ಅವರು ಠೀವಿಯಿಂದ ಇಳಿದು ಹೋದರು.

ಇವರಿಗೆ ಹೇಳಬೇಕಿತ್ತು. ಗೋಡೆ ಬದಿಗೆ ಅಂಟಿಸಬೇಕಿತ್ತು ಅಂದರೆ, ಯಾಕೆ ಅನ್ನುತ್ತಾರೆ. ಆಗ ಆ ದಿನದ್ದೆಲ್ಲ ಹೇಳಬೇಕು. ತಾವಾಗಿ ಕೇಳದ್ದನ್ನು ನಾನೇಕೆ ಹೇಳಲಿ? ಪಟ್ಟಿಯೂ ಮುಗಿದಿತ್ತು. ಬಾಯಿ ಮುಚ್ಚಿಕೊಂಡೆ. ಹಟಮಾರಿತನ, ಗೊತ್ತು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಹಟ ಮಾಡುವ ಹೆಣ್ಣು ಎಂಥವಳು ಎಂದು ನನ್ನನ್ನು ನಾನೇ ಬೈದುಕೊಂಡೆ.

ಐದನೇ ತಿಂಗಳು ತುಂಬಿದ ಮೇಲಿನ ಒಂದು ಬೆಳಿಗ್ಗೆ. ಅದೇ ಮೆಟ್ಟಿಲು. ಬೇಕೆಂದು ಆಗಿದ್ದಲ್ಲ, ಆಜೋಬಾ ಅಲ್ಲಿಯೇ ಎದುರಾದರು. ನನ್ನ ಎರಡೂ ಕಾಲು ಪಟ್ಟಿಯ ಮೇಲಿದ್ದವು. ಅಂಗಾಲಿಗೆ ಅದರ ಒರಟು ಮೈ ಚುಚ್ಚುತ್ತಿತ್ತು. ಗೋಡೆ ಬದಿಯಲ್ಲಿ ನೀರು ಮಿಂಚುತ್ತಿತ್ತು.

"ಬಾಜೂಲಾ ಹೋ, ಮುಲೀ," ಅಂದರು ಅವರು. ಪಕ್ಕಕ್ಕೆ ಸರಿ, ಹುಡುಗಿ ಎಂದು.

ನಾನು ಸರಿಯಲಿಲ್ಲ. ಸೊಂಟದ ಕೊಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿ ನಿಂತೆ. ಅವರು ಮತ್ತೊಮ್ಮೆ ಹೇಳಿದರು. ನನ್ನ ಹಿಂದೆ ಕೊಡ ಹೊತ್ತ ಹೆಂಗಸರ ಸಾಲೇ ನಿಂತುಬಿಟ್ಟಿತು. ಕೊನೆಗೆ ಆಜೋಬಾ ತಿರುಗಿ ಮೇಲೆ ಹತ್ತಿ, ಮೂರನೇ ಮಾಳಾದ ಗ್ಯಾಲರಿಯಲ್ಲಿ ನಿಂತು ನಮಗೆಲ್ಲ ದಾರಿ ಬಿಟ್ಟರು. ಅವರ ಮುಖ ಕೆಂಪಗಾಗಿತ್ತು.

ದೂರು ಹೋಗದೆ ಇರುತ್ತದೆಯೇ? ಮಧ್ಯಾಹ್ನ ಇವರನ್ನು ಎರಡನೇ ಮಾಳಾದಲ್ಲೇ ತಡೆದು ನಿಲ್ಲಿಸಿ ಆಜೋಬಾ ಎಲ್ಲ ಹೇಳಿದ್ದರು. ಇವರು ಚಪ್ಪಲಿಯನ್ನೂ ಕಳಚದೆ ಒಳಗೆ ಬಂದರು.

"ಹಿರ್‍ಯಾರಿಗೆ ದಾರಿ ಬಿಡಾಕೂ ಆಗಂಗಿಲ್ಲೇನು ನಿನಗ?"

ನಾನು ಅಕ್ಕಿ ಆರಿಸುತ್ತಿದ್ದೆ. ಮೊರದಿಂದ ಕಣ್ಣೆತ್ತಲಿಲ್ಲ.

"ಹ್ವಾದ ಸಲ ಬಿಟ್ಟಿದ್ದೆನ್ರಿ."

ಇವರು ನನ್ನ ಎದುರು ಕೂತರು. ಡಬ್ಬಿ ಕೈಯಲ್ಲೇ ಇತ್ತು. ಗ್ಯಾಲರಿಯಲ್ಲಿ ಯಾರೋ ಬಟ್ಟೆ ಒದರುತ್ತಿದ್ದರು.

"ಯಾವ ಪಾವಟಿಗಿ?"

ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಅನ್ನುತ್ತೇವೆ. ಒಂದೂವರೆ ವರ್ಷದಿಂದ ನಾನು ಕಾದದ್ದು ಆ ಒಂದು ಪ್ರಶ್ನೆಗೆ. ಈಗ ಕೇಳಿದಾಗ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎದ್ದು ಹೋಗಿ ತೋರಿಸಿದೆ. ಎರಡನೇ ಮಾಳಾದಿಂದ ಮೇಲಕ್ಕೆ ಎಣಿಸಿದರೆ ಒಂಬತ್ತನೆಯದು. ಇವರು ಬಗ್ಗಿ ಗೋಡೆ ಬದಿಯ ಮರವನ್ನು ಅಂಗೈಯಿಂದ ಸವರಿ ನೋಡಿದರು. ಅದು ಎಷ್ಟು ನುಣುಪು ಎಂದು ಆ ಚಾಳಿನ ಗಂಡಸರಲ್ಲಿ ತಿಳಿದವರು ಇವರೊಬ್ಬರೇ ಇರಬೇಕು. ಸವರುತ್ತ ಸವರುತ್ತ ಅಲ್ಲಿಯೇ ಕೂತುಬಿಟ್ಟರು. ಇವರು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ಅದೇ ಮೆಟ್ಟಿಲು ಹತ್ತಿ ಇಳಿದು ಸಾಲೆಗೆ ಹೋದಳು. ಪಟ್ಟಿಗಳು ಸವೆದು ಕಿತ್ತುಹೋದವು. ಆದರೆ ಮುಂಬಯಿ ಅಂದರೆ ನನಗೆ ನೆನಪಾಗುವುದು ಆ ಮಧ್ಯಾಹ್ನ. ಇವರು ಪಕ್ಕದ ಪಟ್ಟಿಯನ್ನು ತಟ್ಟಿ ಕೂಡು ಅಂದರು. ಬಸುರಿ ಹೆಂಗಸು ನಾನು, ಮೆಟ್ಟಿಲಿನ ನಟ್ಟನಡುವೆ ಕೂತೆ. ಆ ಹೊತ್ತಿಗೆ ಕೆಳಗಿನಿಂದ ಆಜೋಬಾ ಕಾಯಿಪಲ್ಲೆಯ ಚೀಲ ಹಿಡಿದು ಮಗಳ ಮನೆಗೆ ಹತ್ತಿ ಬಂದರು. ನಮ್ಮನ್ನು ನೋಡಿ ನಿಂತರು. ರೂಢಿಯಂತೆ ನಾನು ಏಳಲು ಹೋದೆ. ಇವರು ನನ್ನ ಮುಂಗೈ ಹಿಡಿದು ಕೂರಿಸಿದರು, ತಾವೂ ಏಳಲಿಲ್ಲ.